ವ್ಯಾಪಾರಿ ಹೆಸರಿಟ್ಟ ಒಡವೆ

ಐರ್ಲೆಂಡಿನ ಪೂರ್ವ ಕರಾವಳಿಯಲ್ಲಿ ಬೆಟಿಸ್‌ಟೌನ್ ಎಂಬ ಊರುಂಟು. 1850ನೆಯ ಇಸವಿಯಲ್ಲಿ ಆ ಕಡೆಯ ಬಡ ಹೆಂಗಸೊಬ್ಬಳು ಪುರಾತನ ಒಡವೆಯೊಂದನ್ನು ಮಾರಲು ಸಮೀಪದ ಪಟ್ಟಣಕ್ಕೆ ತಂದಳು. ಸುಮಾರು ಹತ್ತು ಲಕ್ಷ ಜನರನ್ನು ಬಲಿ ತೆಗೆದುಕೊಂಡ ಮಹಾಕ್ಷಾಮದ ನೆರಳು ಆ ನಾಡಿನಿಂದ ಇನ್ನೂ ಸರಿದಿರಲಿಲ್ಲ. ಕಡಲದಂಡೆಯ ಮರಳಿನಲ್ಲಿ ಹೂತಿದ್ದ ಪೆಟ್ಟಿಗೆಯೊಳಗೆ ಅದು ತನ್ನ ಮಕ್ಕಳಿಗೆ ದೊರಕಿತೆಂದು ಆಕೆ ಹೇಳಿದಳು. ಆದರೆ, ಹೊಲದಲ್ಲಿ ಸಿಕ್ಕಿತೆಂದರೆ ಭೂಮಾಲಿಕನು ಹಕ್ಕು ಸಾಧಿಸುವನೆಂದು ಹೆದರಿ ಆಕೆ ಈ ಕಥೆ ಕಟ್ಟಿರಬಹುದೆಂಬುದು ವಿದ್ವಾಂಸರ ಅನುಮಾನ.

ಒಡವೆ ಡಬ್ಲಿನ್ ನಗರದ ಆಭರಣ ವ್ಯಾಪಾರಿ ಜಾರ್ಜ್ ವಾಟರ್‌ಹೌಸನ ಕೈಸೇರಿತು. ಆತ ಅದಕ್ಕೆ ‘ತಾರಾ ಬ್ರೋಚ್’ ಎಂದು ಹೆಸರಿಟ್ಟನು. ನಮ್ಮ ಆಕಾಶದ ತಾರೆಗೂ ಈ ಹೆಸರಿಗೂ ನಂಟಿಲ್ಲ. ತಾರಾ ಎಂಬುದು ಐರ್ಲೆಂಡಿನ ಪ್ರಾಚೀನ ಅರಸರ ಕೀರ್ತಿಯನ್ನು ಹೊತ್ತ ಒಂದು ಗುಡ್ಡ. ಒಡವೆಗೂ ಆ ಗುಡ್ಡಕ್ಕೂ ಯಾವ ಸಂಬಂಧವೂ ಕಂಡುಬಂದಿಲ್ಲ. ಆದರೇನು? ರಾಜರ ಹೆಸರು ಕೇಳಿದೊಡನೆ ಜನ ಮರುಳಾದರು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಅದು ಮೆರೆಯಿತು; ಅದರ ಪ್ರತಿಕೃತಿಗಳನ್ನು ಮಾರಿ ವಾಟರ್‌ಹೌಸನು ಲಾಭ ಗಳಿಸಿದನು.

ಹೆಸರು ಹುಸಿಯಾದರೂ ಒಡವೆಯ ಹಿರಿಮೆ ಹುಸಿಯಲ್ಲ. ಕ್ರಿ.ಶ. 700ರ ಸುಮಾರಿನಲ್ಲಿ, ಹೊದೆಯುವ ಮೇಲುವಸ್ತ್ರವನ್ನು ಸಿಕ್ಕಿಸಲೆಂದು ಮಾಡಿದ ಸೂಜಿಬಳೆ ಅದು. ಎರಕ ಹೊಯ್ದ ಬೆಳ್ಳಿಗೆ ಚಿನ್ನದ ಮುಲಾಮು; ಸೂಜಿಯ ಉದ್ದ ಸುಮಾರು 32 ಸೆಂಟಿಮೀಟರು. ಬಳೆಯ ಅಗಲವಾದರೋ ಒಂಬತ್ತು ಸೆಂಟಿಮೀಟರನ್ನೂ ಮುಟ್ಟದು. ಅಷ್ಟೇ ಜಾಗದಲ್ಲಿ ಕೂದಲೆಳೆಯಂಥ ಚಿನ್ನದ ತಂತಿಗಳು ಒಂದನ್ನೊಂದು ಹೆಣೆದುಕೊಂಡು ಮೃಗಗಳಾಗಿವೆ. ನಡುನಡುವೆ ಆಂಬರ್ ಮತ್ತು ಬಣ್ಣದ ಗಾಜಿನ ಹರಳುಗಳು. ಸರಪಣಿಯ ಕೊಂಡಿಯಲ್ಲಿ ಗಾಜಿನಿಂದ ಮೂಡಿಸಿದ ಎರಡು ಪುಟಾಣಿ ಮನುಷ್ಯ ಮುಖಗಳಿವೆ.

ಒಡವೆಯನ್ನು ತಿರುವಿ ನೋಡಿದರೆ ಅಚ್ಚರಿ ಇನ್ನೂ ಹೆಚ್ಚುತ್ತದೆ. ಬಟ್ಟೆಗೆ ತಾಗಿ ಮರೆಯಾಗುವ ಹಿಂಬದಿಯಲ್ಲಿಯೂ ಬೆಳ್ಳಿ ತಾಮ್ರಗಳ ಸೂಕ್ಷ್ಮ ಕುಸುರಿಯುಂಟು. ಕೆಲಸದಲ್ಲಿ ಅದು ಮುಂಬದಿಗೆ ಎಳ್ಳಷ್ಟೂ ಕಡಿಮೆಯಲ್ಲ. ನೋಡುವವರಿಲ್ಲವೆಂದು ಆ ಅಕ್ಕಸಾಲಿಗನ ಕೈ ಸಡಿಲಲಿಲ್ಲ.

1868ರಲ್ಲಿ ರಾಯಲ್ ಐರಿಷ್ ಅಕಾಡೆಮಿ 200 ಪೌಂಡು ತೆತ್ತು ಅದನ್ನು ಕೊಂಡಿತು. ಇಂದು ಅದು ಡಬ್ಲಿನ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ವ್ಯಾಪಾರಿಯಿಟ್ಟ ಹೆಸರೇ ಅದಕ್ಕೆ ಉಳಿದಿದೆ. ಅದನ್ನು ಮಾಡಿದವನ ಹೆಸರು ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ಎರಡು ಕಡೆಯೂ ಇರುವುದು ಆತನ ಕೆಲಸ.