ಖಾಕಿಯ ಮೇಲಿನ ಹೆಸರು

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸೇವಂತಿಗೆ, ಮಲ್ಲಿಗೆ, ಕನಕಾಂಬರದ ರಾಶಿಗಳು ಪಾದಚಾರಿ ಮಾರ್ಗವನ್ನು ದಾಟಿ ರಸ್ತೆಗೇ ಇಳಿದಿರುತ್ತವೆ. ಆ ನೂಕುನುಗ್ಗಲಿನ ನಡುವೆ ಬಂದೋಬಸ್ತಿಗೆ ನಿಂತ ಮಹಿಳಾ ಕಾನ್‌ಸ್ಟೆಬಲ್ ಒಬ್ಬರ ಮುಡಿಯಲ್ಲಿ ಮಾತ್ರ ಹೂವಿರುವುದಿಲ್ಲ. ತುಸು ದಿಟ್ಟಿಸಿ ನೋಡಿದರೆ ಬೇರೆ ಗುರುತುಗಳು ಕಂಡಾವು. ಹುಬ್ಬುಗಳ ನಡುವೆ ಸಾಸಿವೆ ಕಾಳಿನಷ್ಟು ಬಿಂದಿ. ಪಕ್ಕದ ಸಿಗ್ನಲ್ಲಿನಲ್ಲಿ ಕೈ ಬೀಸುತ್ತಿರುವ ಸಹೋದ್ಯೋಗಿಯ ಮಣಿಕಟ್ಟಿನಲ್ಲಿ ಯಾವುದೋ ದೇವಸ್ಥಾನದ ಬಣ್ಣಗೆಟ್ಟ ದಾರ. ಇನ್ನೊಬ್ಬರ ಮುಖದಲ್ಲಿ ಕಾಳಜಿಯಿಂದ ತಿರುವಿದ ಗಿರಿಜಾ ಮೀಸೆ. ಎಲ್ಲರನ್ನೂ ಒಂದೇ ಆಗಿಸುವ ಬಟ್ಟೆಯೊಳಗೆ ತಾನು ತಾನೇ ಎಂದು ಹೇಳಿಕೊಳ್ಳಲು ಮನುಷ್ಯನೊಬ್ಬ ಉಳಿಸಿಕೊಂಡಿರುವ ಅಂಗುಲದಷ್ಟು ಜಾಗ ಅದು.

ಈ ಜಾಗ ಎಷ್ಟಿರಬೇಕು? ಅದನ್ನು ಯಾರು ಅಳೆಯಬೇಕು? ಪ್ರಶ್ನೆ ಕ್ಷುಲ್ಲಕವೆಂದು ತೋರಬಹುದು. ಆದರೆ ಕಳೆದ ಹತ್ತು ವರ್ಷಗಳಲ್ಲಿ ಗಡ್ಡ, ಮೀಸೆ, ಟೋಪಿಗಳ ವಿಚಾರ ಕಚೇರಿಗಳಿಂದ ಹಿಡಿದು ಸುಪ್ರೀಂ ಕೋರ್ಟಿನವರೆಗೆ ಹೋಗಿದೆ. ಕೆಲವರ ನೌಕರಿಗೇ ಸಂಚಕಾರ ತಂದಿದೆ.

ಸಮವಸ್ತ್ರದ ತರ್ಕವನ್ನು ಮೊದಲು ಒಪ್ಪಿಕೊಳ್ಳೋಣ. ವೃತ್ತದಲ್ಲಿ ನಿಂತ ವ್ಯಕ್ತಿ ಕೈ ಎತ್ತಿದಾಗ ನಾವು ಬ್ರೇಕ್ ಹಾಕುವುದು ಅವರಿಗಾಗಿ ಅಲ್ಲ, ಅವರು ಪ್ರತಿನಿಧಿಸುವ ಕಾನೂನಿಗಾಗಿ. ಅವರ ಜಾತಿ, ಮತ, ಪಕ್ಷ ಯಾವುದೆಂದು ನಾವು ಕೇಳಬೇಕಾಗದಂತೆ ಮಾಡುವುದೇ ಖಾಕಿಯ ಕೆಲಸ. ನಮ್ಮ ಸಂವಿಧಾನದ 33ನೇ ವಿಧಿಯೂ ಇದೇ ಕಾರಣದಿಂದ ಸೇನೆ, ಪೊಲೀಸ್ ಮುಂತಾದ ಪಡೆಗಳ ಸಿಬ್ಬಂದಿಯ ಮೂಲಭೂತ ಹಕ್ಕುಗಳನ್ನು ಮಿತಿಗೊಳಿಸುವ ಅಧಿಕಾರವನ್ನು ಸಂಸತ್ತಿಗೆ ನೀಡಿದೆ. ಆದರೆ ಆ ವಿಧಿಯೇ ಉದ್ದೇಶವನ್ನೂ ಹೇಳುತ್ತದೆ: ಕರ್ತವ್ಯದ ಸರಿಯಾದ ನಿರ್ವಹಣೆ ಮತ್ತು ಶಿಸ್ತಿನ ಪಾಲನೆ. ಮೇಲಧಿಕಾರಿಯ ಅಭಿರುಚಿ ಈ ಎರಡರಲ್ಲಿ ಯಾವುದಕ್ಕೂ ಸೇರುವುದಿಲ್ಲ.

ಕರ್ನಾಟಕದ ಅನುಭವವನ್ನೇ ನೋಡಿ. 2018ರಲ್ಲಿ, ರಾಜ್ಯದ ಪ್ರಥಮ ಮಹಿಳಾ ಪೊಲೀಸ್ ಮಹಾನಿರ್ದೇಶಕಿ ನೀಲಮಣಿ ಎನ್. ರಾಜು ಅವರ ಅವಧಿಯಲ್ಲಿ, ಕರ್ತವ್ಯದ ವೇಳೆ ಮಹಿಳಾ ಸಿಬ್ಬಂದಿ ಖಾಕಿ ಸೀರೆಯ ಬದಲು ಅಂಗಿ–ಪ್ಯಾಂಟು ಧರಿಸಬೇಕೆಂಬ ಆದೇಶ ಬಂತು. ಬಳೆ, ಓಲೆ, ಹೂವುಗಳಿಗೂ ಮಿತಿ ಬಿತ್ತು. ಸೀರೆಯುಟ್ಟು ಕಳ್ಳನ ಬೆನ್ನಟ್ಟುವುದು, ಗುಂಪನ್ನು ಚದುರಿಸುವುದು ಎಷ್ಟು ಕಷ್ಟವೆಂದು ಬಿಡಿಸಿ ಹೇಳಬೇಕಿಲ್ಲ. ಉದ್ದನೆಯ ಓಲೆ ಎಳೆದಾಟದಲ್ಲಿ ಕಿವಿಯನ್ನೇ ಹರಿದೀತು. ಆದೇಶ ಕೆಲವರಿಗೆ ಕಹಿಯೆನಿಸಿರಬಹುದು. ಆದರೂ ಅದಕ್ಕೆ ಕೆಲಸದೊಡನೆ ನೇರ ಸಂಬಂಧವಿತ್ತು.

ಇದೇ ಅಳತೆಗೋಲನ್ನು ಕಾನ್‌ಸ್ಟೆಬಲ್‌ಗಳ ಸ್ಲೋಚ್ ಹ್ಯಾಟಿಗೆ ಹಿಡಿಯಲು ನಮಗೆ ಇನ್ನೂ ಏಳು ವರ್ಷ ಬೇಕಾಯಿತು. ಒಂದು ಬದಿಯ ಅಂಚು ಮೇಲಕ್ಕೆ ಮಡಚಿದ, ಬ್ರಿಟಿಷರ ಕಾಲದ ನೆನಪಿನ ಆ ಟೋಪಿ ನೋಡಲು ಗತ್ತಿನದು. ತೊಟ್ಟವರಿಗೆ ಮಾತ್ರ ಭಾರ. ಗಲಭೆಯ ಸ್ಥಳದಲ್ಲಿ ಓಡುವಾಗ ಒಂದು ಕೈ ಲಾಠಿಗೆ, ಇನ್ನೊಂದು ಕೈ ಟೋಪಿಗೆ ಎಂಬ ಸ್ಥಿತಿ. ಅದಕ್ಕಿಂತ ಮುಖ್ಯವಾಗಿ, ಸಬ್ ಇನ್‌ಸ್ಪೆಕ್ಟರ್ ಮತ್ತು ಮೇಲಿನವರಿಗೆ ಪೀಕ್ ಕ್ಯಾಪ್, ಕಾನ್‌ಸ್ಟೆಬಲ್‌ಗೆ ಈ ಹ್ಯಾಟು ಎಂಬ ಭೇದ ದೂರದಿಂದಲೇ ಕೆಳಗಿನವರನ್ನು ಗುರುತಿಸುವ ಚಿಹ್ನೆಯಾಗಿತ್ತು. 2025ರ ಅಕ್ಟೋಬರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಕಡುನೀಲಿ ಬಣ್ಣದ ಪೀಕ್ ಕ್ಯಾಪ್‌ಗಳನ್ನು ವಿತರಿಸಿದಾಗ ತಳಮಟ್ಟದ ಸಿಬ್ಬಂದಿಯ ಬಹುದಿನಗಳ ಬೇಡಿಕೆಯೊಂದು ಈಡೇರಿತು. ಮಹಿಳೆಯ ಹೂವನ್ನು ತೆಗೆಸಲು ಒಂದು ಆದೇಶ ಸಾಕಾಗುತ್ತದೆ. ಕಾನ್‌ಸ್ಟೆಬಲ್‌ನ ತಲೆಯ ಭಾರ ಇಳಿಸಲು ದಶಕಗಳು ಬೇಕಾಗುತ್ತವೆ. ಸಮವಸ್ತ್ರದ ನಿಯಮಗಳು ಮೇಲಿನಿಂದ ಕೆಳಕ್ಕೆ ಹರಿಯುವಷ್ಟು ಸಲೀಸಾಗಿ ಕೆಳಗಿನವರ ಅಹವಾಲು ಮೇಲಕ್ಕೆ ಏರುವುದಿಲ್ಲ.

ಮೀಸೆಯ ಕಥೆ ಇನ್ನೂ ಸ್ವಾರಸ್ಯಕರ. 2019ರಲ್ಲಿ ಪಾಕಿಸ್ತಾನದ ಸೆರೆಯಿಂದ ಮರಳಿದ ವಾಯುಪಡೆಯ ಪೈಲಟ್ ಅಭಿನಂದನ್ ಅವರ ಮೀಸೆ ದೇಶದ ಕ್ಷೌರದಂಗಡಿಗಳಲ್ಲೆಲ್ಲ ಫ್ಯಾಷನ್ ಆಯಿತು. ಮೂರು ವರ್ಷಗಳ ಬಳಿಕ ಮಧ್ಯಪ್ರದೇಶದಲ್ಲಿ ಹೆಚ್ಚುಕಡಿಮೆ ಅದೇ ಬಗೆಯ ಮೀಸೆಯನ್ನು ಕತ್ತರಿಸಲು ಒಪ್ಪದ ಕಾನ್‌ಸ್ಟೆಬಲ್ ಒಬ್ಬರು ಅಮಾನತಾದರು. ಸುದ್ದಿ ದೊಡ್ಡದಾದ ಮೇಲೆ ಆ ಆದೇಶ ರದ್ದಾಯಿತು. ಹುರಿಮೀಸೆ ಬೆಳೆಸಿದವರಿಗೆ ಭತ್ಯೆಯನ್ನೇ ಕೊಡುವ ಪರಿಪಾಠವೂ ಉತ್ತರದ ಪಡೆಗಳಲ್ಲಿದೆ. ಒಂದೆಡೆ ಬಹುಮಾನ, ಇನ್ನೊಂದೆಡೆ ಅಮಾನತು. ಶಿಸ್ತು ಎಂಬುದಕ್ಕೆ ಇಷ್ಟೊಂದು ಮುಖಗಳಿರಲು ಸಾಧ್ಯವೆ?

ಗಡ್ಡದ ವಿಷಯಕ್ಕೆ ಬಂದರೆ ವಿನೋದ ಮಾಯವಾಗುತ್ತದೆ. ಏಕೆಂದರೆ ಅಲ್ಲಿ ಮತಧರ್ಮ ಪ್ರವೇಶಿಸುತ್ತದೆ. ಕೂದಲು ತೆಗೆಯುವುದನ್ನು ಧರ್ಮವೇ ನಿಷೇಧಿಸಿರುವವರಿಗೆ ಮಾತ್ರ ವಾಯುಪಡೆಯ ನಿಯಮ ವಿನಾಯಿತಿ ನೀಡುತ್ತದೆ; ಸಿಖ್ಖರ ಗಡ್ಡ, ಪೇಟಗಳಿಗೆ ರಕ್ಷಣೆ ದೊರೆಯುವುದು ಹೀಗೆ. ಗಡ್ಡ ಬಿಟ್ಟು ಸೇವೆಯಿಂದ ಬಿಡುಗಡೆಗೊಂಡಿದ್ದ ಮೊಹಮ್ಮದ್ ಜುಬೇರ್ ಅವರ ಮೇಲ್ಮನವಿಯನ್ನು ಸುಪ್ರೀಂ ಕೋರ್ಟು 2016ರ ಡಿಸೆಂಬರಿನಲ್ಲಿ ತಳ್ಳಿಹಾಕಿತು. ಅವರ ಪ್ರಕರಣ ಈ ವಿನಾಯಿತಿಯ ಒಳಗೆ ಬರುವುದಿಲ್ಲ, ಸಶಸ್ತ್ರ ಪಡೆಯ ಒಗ್ಗಟ್ಟಿಗೆ ಏಕರೂಪತೆ ಅಗತ್ಯ ಎಂಬುದು ಪೀಠದ ನಿಲುವು. ನೆರೆಯ ತಮಿಳುನಾಡಿನಲ್ಲಿ ಬೇರೊಂದು ತೀರ್ಪು ಬಂತು. ಮೆಕ್ಕಾ ಯಾತ್ರೆ ಮುಗಿಸಿ ಗಡ್ಡದೊಂದಿಗೆ ಮರಳಿದ ಕಾನ್‌ಸ್ಟೆಬಲ್ ಒಬ್ಬರಿಗೆ ವಿಧಿಸಿದ್ದ ಶಿಕ್ಷೆಯನ್ನು ಮದ್ರಾಸ್ ಹೈಕೋರ್ಟು 2024ರಲ್ಲಿ ಬದಿಗೊತ್ತಿತು. ಮುಸ್ಲಿಂ ಸಿಬ್ಬಂದಿ ಗಡ್ಡ ಬಿಡಲು 1957ರಷ್ಟು ಹಿಂದಿನ ಮದ್ರಾಸ್ ಪೊಲೀಸ್ ಗೆಜೆಟ್ಟೇ ಅವಕಾಶ ಕೊಟ್ಟಿತ್ತೆಂಬುದನ್ನು ಅದು ನೆನಪಿಸಿತು.

ಮೇಲ್ನೋಟಕ್ಕೆ ಪರಸ್ಪರ ವಿರುದ್ಧವೆನಿಸುವ ಈ ತೀರ್ಪುಗಳಲ್ಲಿ ಒಂದು ಸಮಾನ ಎಳೆಯಿದೆ. ಎರಡೂ ಕಡೆ ನ್ಯಾಯಾಲಯ ಕೇಳಿದ್ದು ‘ಬರೆದಿಟ್ಟ ನಿಯಮ ಏನು ಹೇಳುತ್ತದೆ’ ಎಂದು. ಪಡೆಯಿಂದ ಪಡೆಗೆ ನಿಯಮ ಬೇರೆಯಾಗುವುದು ಸಹಜ. ನೌಕಾಪಡೆಯಲ್ಲಿ ಅನುಮತಿ ಪಡೆದು ಗಡ್ಡ ಬಿಡಬಹುದು, ವಾಯುಪಡೆಯಲ್ಲಿ ಸಾಧ್ಯವಿಲ್ಲ. ಕಾಲದಿಂದ ಕಾಲಕ್ಕೂ ಅದು ಬದಲಾಗುತ್ತದೆ. ಶತಮಾನದಷ್ಟು ಹಳೆಯ ಗಡ್ಡದ ನಿಷೇಧವನ್ನು ಬ್ರಿಟಿಷ್ ಸೇನೆ 2024ರ ಮಾರ್ಚಿನಲ್ಲಿ ಕೈಬಿಟ್ಟಿತು. ಅಮೆರಿಕದ ರಕ್ಷಣಾ ನಾಯಕತ್ವ 2025ರ ಸೆಪ್ಟೆಂಬರಿನಲ್ಲಿ ಗಡ್ಡದ ಮೇಲೆ ಮತ್ತೆ ಬಿಗಿ ಹಿಡಿತ ಘೋಷಿಸಿತು. ಎರಡು ಮಿತ್ರ ಸೇನೆಗಳು ಒಂದೇ ಪ್ರಶ್ನೆಗೆ ಎರಡು ಉತ್ತರ ಕೊಡುತ್ತಿರುವಾಗ, ಗಡ್ಡ ಬಿಟ್ಟೊಡನೆ ಶಿಸ್ತು ಕುಸಿಯುತ್ತದೆಂಬ ವಾದ ತಾನಾಗಿಯೇ ಸಡಿಲಗೊಳ್ಳುತ್ತದೆ. ಅನ್ಯಾಯ ಹುಟ್ಟುವುದು ನಿಯಮ ಕಠಿಣವಾಗಿರುವಲ್ಲಿ ಅಲ್ಲ. ಒಬ್ಬರ ದಾರ ಕಣ್ಣಿಗೆ ಬೀಳದೆ, ಇನ್ನೊಬ್ಬರ ಗಡ್ಡ ಮಾತ್ರ ಕಣ್ಣು ಕುಕ್ಕುವಲ್ಲಿ.

ಹಾಗಾದರೆ ಅಳತೆ ಹೇಗೆ? ಮೂರು ಪ್ರಶ್ನೆಗಳು ಸಾಕೆನಿಸುತ್ತದೆ. ಆ ಗುರುತು ಕೆಲಸಕ್ಕೆ ಅಡ್ಡಿಯಾಗುತ್ತದೆಯೆ? ಎದುರಿಗೆ ನಿಂತ ನಾಗರಿಕನಿಗೆ ‘ಇವರು ನನ್ನವರಲ್ಲ, ನನಗೆ ನ್ಯಾಯ ಸಿಗದು’ ಎಂಬ ಅಳುಕು ಹುಟ್ಟಿಸುತ್ತದೆಯೆ? ಒಬ್ಬರಿಗೆ ಕೊಟ್ಟ ವಿನಾಯಿತಿ ಎಲ್ಲರಿಗೂ ಸಿಗುತ್ತದೆಯೆ? ಪಕ್ಷದ ಬಣ್ಣದ ಶಾಲು ಎರಡನೆಯ ಪ್ರಶ್ನೆಯಲ್ಲೇ ಅನುತ್ತೀರ್ಣವಾಗುತ್ತದೆ. ಹದವಾಗಿ ಕತ್ತರಿಸಿದ ಮೀಸೆ, ಚಿಕ್ಕ ಬಿಂದಿ, ಮಣಿಕಟ್ಟಿನ ದಾರ ಮೂರನ್ನೂ ದಾಟಬಲ್ಲವು. ಬೇರೆಯವರ ನಂಬಿಕೆಯ ಗುರುತಿಗೂ ಅದೇ ಔದಾರ್ಯ ಸಿಗಬೇಕು, ಅಷ್ಟೆ.

ವಿಚಿತ್ರವೆಂದರೆ, ಈ ಗಡ್ಡ–ಮೀಸೆಗಳ ಗದ್ದಲದಲ್ಲಿ ಸಮವಸ್ತ್ರವೇ ಕಡ್ಡಾಯಗೊಳಿಸಿದ ಒಂದು ವೈಯಕ್ತಿಕ ಗುರುತನ್ನು ನಾವು ಮರೆತಿದ್ದೇವೆ: ಎದೆಯ ಮೇಲಿನ ಹೆಸರಿನ ಪಟ್ಟಿ. ಬಂಧಿಸುವ ಪೊಲೀಸರ ಹೆಸರು, ಹುದ್ದೆಗಳು ಸ್ಪಷ್ಟವಾಗಿ ಕಾಣುವಂತಿರಬೇಕು ಎಂದು ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರಲ್ಲೇ ವಿಧಿಸಿತು. ಮುಂದೆ ಅದು ದಂಡ ಪ್ರಕ್ರಿಯಾ ಸಂಹಿತೆಯನ್ನು ಸೇರಿತು. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 36ನೇ ಕಲಮಿನಲ್ಲೂ ಹೆಸರಿನ ಈ ನಿಯಮ ಉಳಿದಿದೆ. ಆದರೂ ಪ್ರತಿಭಟನೆಯ ದಿನ ಜಾಕೆಟ್ಟಿನ ಹಿಂದೆ, ಮಳೆಯಂಗಿಯ ಕೆಳಗೆ ಮರೆಯಾಗುವುದು ಈ ಪಟ್ಟಿಯೇ. ಮೀಸೆಯ ಉದ್ದ ಅಳೆಯುವಷ್ಟು ಆಸಕ್ತಿಯಿಂದ ಹೆಸರಿನ ಪಟ್ಟಿಯನ್ನು ತಪಾಸಣೆ ಮಾಡುವ ಅಧಿಕಾರಿಗಳು ಎಷ್ಟು ಮಂದಿ?

ಹೆಸರು ಕೂಡ ನಿರುಪದ್ರವಿಯಲ್ಲ ಎಂಬುದು ನಿಜ. ನಮ್ಮ ದೇಶದಲ್ಲಿ ಅಡ್ಡಹೆಸರು ಜಾತಿಯನ್ನು ಕೂಗಿ ಹೇಳುತ್ತದೆ. ಜಾತಿ ವೈಷಮ್ಯದಿಂದ ಬೇಯುತ್ತಿದ್ದ ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ 2025ರಲ್ಲಿ ಪೊಲೀಸರ ನಾಮಫಲಕಗಳಿಂದ ಅಡ್ಡಹೆಸರನ್ನು ತೆಗೆದು ಮೊದಲ ಹೆಸರನ್ನಷ್ಟೇ ಉಳಿಸಲಾಯಿತು. ಜಾತಿಯನ್ನು ಮರೆಮಾಡಿ ಮನುಷ್ಯನನ್ನು ಕಾಣಿಸುವ ಈ ಉಪಾಯ ನಮ್ಮಲ್ಲೂ ಅನುಕರಣೀಯ.

ಠಾಣೆಯ ದಾಖಲೆಗಳಲ್ಲಿ ಕಾನ್‌ಸ್ಟೆಬಲ್ ಒಂದು ಸಂಖ್ಯೆ. ರಸ್ತೆಯಲ್ಲಿ ನಮಗೆ ಅವರು ‘ಸಾರ್’, ಬೆನ್ನು ತಿರುಗಿಸಿದ ಮೇಲೆ ‘ಪೇದೆ’. ತಂದೆತಾಯಿ ಇಟ್ಟ ಹೆಸರಿಗೆ ಅವರ ಕೆಲಸದ ಜಗತ್ತಿನಲ್ಲಿ ಉಳಿದಿರುವುದು ಎದೆಯ ಮೇಲಿನ ಆ ಪುಟ್ಟ ಪಟ್ಟಿ ಮಾತ್ರ. ಅದು ಕಾಣುವಂತಿದ್ದರೆ ತಪ್ಪು ಮಾಡಿದವರನ್ನು ಗುರುತಿಸಬಹುದು. ಮಳೆಯಲ್ಲಿ ನಿಂತು ನಮ್ಮ ಮಕ್ಕಳನ್ನು ರಸ್ತೆ ದಾಟಿಸಿದವರನ್ನೂ ಗುರುತಿಸಬಹುದು. ಮುಂದಿನ ಬಾರಿ ಸಿಗ್ನಲ್ಲಿನಲ್ಲಿ ಕೆಂಪು ದೀಪ ಹೊತ್ತಿರುವಷ್ಟು ಹೊತ್ತು ಆ ಪಟ್ಟಿಯನ್ನು ಓದಿ ನೋಡಿ. ಖಾಕಿಯೊಳಗಿನ ವ್ಯಕ್ತಿಗೆ ಗೌರವ ಕೊಡುವುದೂ, ಅವರನ್ನು ಹೊಣೆಗಾರರನ್ನಾಗಿಸುವುದೂ ಶುರುವಾಗುವುದು ಹೆಸರಿನಿಂದಲೇ.