ರಾಜಿಗೆ ಮೊದಲು ಕೇಳಬೇಕಾದ ಮಾತು

ಗಂಡನ ಹೊಡೆತ ತಾಳಲಾರದೆ ಹೆಂಗಸೊಬ್ಬಳು ತವರಿಗೆ ಬಂದಳೆಂದರೆ ನಮ್ಮ ಕಡೆ ಏನು ನಡೆಯುತ್ತದೆಂಬುದು ಎಲ್ಲರಿಗೂ ತಿಳಿದದ್ದೇ. ನಾಲ್ಕು ಮಂದಿ ಹಿರಿಯರು ಕಟ್ಟೆಯ ಮೇಲೆ ಕೂಡುತ್ತಾರೆ. ಎಲೆ ಅಡಿಕೆ ಆಗುತ್ತದೆ. ಗಂಡ ತಲೆ ತಗ್ಗಿಸಿ 'ಇನ್ನು ಮೇಲೆ ಕೈ ಎತ್ತೋದಿಲ್ಲ' ಎನ್ನುತ್ತಾನೆ. ಸಂಜೆಯ ಬಸ್ಸಿಗೆ ಅವಳನ್ನು ಹತ್ತಿಸಿಬಿಡುತ್ತಾರೆ. ಠಾಣೆಗೆ ಹೋದರೂ ಬಹುಮಟ್ಟಿಗೆ ಇದೇ ಕಥೆ, ಎಲೆ ಅಡಿಕೆ ಒಂದಿಲ್ಲ ಅಷ್ಟೆ. ನಮ್ಮ ಕಾರ್ಯಕರ್ತರೂ ಇಂಥ ಪಂಚಾಯಿತಿಗಳಲ್ಲಿ ಕೂತು, ಒಂದು ಸಂಸಾರ ಉಳಿಸಿದೆವೆಂದು ಸಮಾಧಾನಪಟ್ಟುಕೊಳ್ಳುವುದುಂಟು. ಹೀಗೆ ಕೂತವರಲ್ಲಿ ಯಾರಾದರೂ 'ಈ ರಾತ್ರಿ ಆ ಮನೆಗೆ ಹೋದರೆ ಇವಳ ಜೀವ ಉಳಿದೀತೆ?' ಎಂದು ಕೇಳಿದ್ದಾರೆಯೆ?

ಇದು ಯಾರದೋ ಔದಾರ್ಯದ ಮಾತಲ್ಲ, ಕಾನೂನಿನ ಮಾತು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದರ ನಿಯಮಗಳಲ್ಲಿ 5ನೇ ನಮೂನೆ ಎಂಬುದೊಂದಿದೆ. ಹೆಸರು ಸುರಕ್ಷತಾ ಯೋಜನೆ. ರಕ್ಷಣಾಧಿಕಾರಿಯು ನೊಂದ ಹೆಂಗಸಿನೊಡನೆ ಕೂತು, ಅವಳನ್ನೇ ಕೇಳಿ, ಅಪಾಯ ಎಷ್ಟಿದೆಯೆಂದು ಅಳೆದು ಇದನ್ನು ತುಂಬಬೇಕು. ಕತ್ತು ಹಿಸುಕಿದ್ದನೆ? ತಾನೇ ಸಾಯುತ್ತೇನೆಂದು ಹೆದರಿಸಿದ್ದನೆ? ಮಕ್ಕಳನ್ನು ಹೊಡೆಯುತ್ತಾನೆಯೆ? ಮುಂದೆ ಏನಾದೀತೆಂದು ಅವಳಿಗೆ ಭಯ? ಎಲ್ಲಕ್ಕೂ ಅಲ್ಲಿ ಜಾಗವಿದೆ.

ಈ ಪ್ರಶ್ನೆಗಳು ಸುಮ್ಮನೆ ಹುಟ್ಟಿದವಲ್ಲ. ಅಮೆರಿಕದಲ್ಲಿ ದಾದಿಯರಿಗೆ ಪಾಠ ಹೇಳುವ ಜಾಕ್ವೆಲಿನ್ ಕ್ಯಾಂಬೆಲ್ ಎಂಬಾಕೆ 1980ರ ದಶಕದಲ್ಲಿಯೇ, ಯಾವ ಹೊಡೆತ ಕೊಲೆಗೆ ತಿರುಗೀತೆಂದು ತಿಳಿಯಲು ಒಂದು ಪ್ರಶ್ನಾವಳಿ ಸಿದ್ಧಪಡಿಸಿದರು. ಒಮ್ಮೆ ಕತ್ತು ಹಿಸುಕಿದವನು ಕೊಲ್ಲುವ ಸಂಭವ ಬಹಳ ಹೆಚ್ಚು. ಆದರೆ ಎಷ್ಟೋ ಸಲ ಕತ್ತಿನ ಮೇಲೆ ಗುರುತೇ ಇರುವುದಿಲ್ಲ, ಆದ್ದರಿಂದ ಕಟ್ಟೆಯ ಮೇಲಿನವರು 'ಅಂಥಾದ್ದೇನೂ ಆಗಿಲ್ಲ' ಎನ್ನುತ್ತಾರೆ. ಅಪಾಯ ಹೆಚ್ಚುವ ಇನ್ನೊಂದು ಕಾಲ, ಹೆಂಗಸು ಮನೆ ಬಿಟ್ಟು ಹೊರಟ ಕಾಲ. ನಮ್ಮವರು ರಾಜಿ ಮಾಡಿಸಿ ಹಿಂದಕ್ಕೆ ಅಟ್ಟುವುದು ಸರಿಯಾಗಿ ಆ ಹೊತ್ತಿನಲ್ಲಿಯೇ! ಕ್ಯಾಂಬೆಲ್ ಅವರ ಕ್ರಮದಲ್ಲಿ ಮೊದಲು ಒಂದು ಕ್ಯಾಲೆಂಡರ್ ಮುಂದಿಟ್ಟು, ಕಳೆದ ವರ್ಷ ಏಟು ಬಿದ್ದ ದಿನಗಳನ್ನು ಅವಳಿಂದಲೇ ಗುರುತು ಹಾಕಿಸುತ್ತಾರೆ. 'ಅಪರೂಪಕ್ಕೊಮ್ಮೆ' ಎಂದವಳ ಕಣ್ಣಿಗೇ ಅದು ಪದೇಪದೇ ಆಗುತ್ತಿರುವುದು ಬೀಳುತ್ತದೆ. ಗೋಡೆಯ ಮೇಲೆ ಕ್ಯಾಲೆಂಡರ್ ಇಲ್ಲದ ಮನೆ ನಮ್ಮಲ್ಲಿ ಎಷ್ಟಿದೆ?

ರಾಜಿಯೇ ಬೇಡವೆಂದು ನಾನು ಹೇಳುತ್ತಿಲ್ಲ. ನ್ಯಾಯಾಲಯ ನೇಮಿಸುವ ಆಪ್ತ ಸಲಹೆಗಾರರಿಗೂ ಅದಕ್ಕೆ ಅವಕಾಶವಿದೆ; ಆದರೆ ಅವಳು ಬಯಸಿದರೆ ಮಾತ್ರ. ತಾನು ಹೊಡೆದದ್ದಕ್ಕೆ ಗಂಡ ಸಮರ್ಥನೆ ಹೇಳಕೂಡದೆಂದು ನಿಯಮವೇ ಇದೆ. ನಮ್ಮ ಕಟ್ಟೆಗಳಲ್ಲಿ ಅರ್ಧ ಹೊತ್ತು ಕಳೆಯುವುದು ಆ ಸಮರ್ಥನೆ ಕೇಳುವುದರಲ್ಲಿಯೇ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕದಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರ ಪೈಕಿ ಶೇಕಡ 44 ಮಂದಿ ಗಂಡನ ಹಿಂಸೆ ಕಂಡವರು. ಇವರನ್ನು ಕಾಯಬೇಕಾದ ರಕ್ಷಣಾಧಿಕಾರಿ ಯಾರೆಂದರೆ, ಅಂಗನವಾಡಿಗಳ ಭಾರವನ್ನೆಲ್ಲ ಹೊತ್ತ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ! ತಾಲ್ಲೂಕು ಮಟ್ಟದಲ್ಲಿಯೂ ರಕ್ಷಣಾಧಿಕಾರಿಗಳಿರಬೇಕೆಂದು ಸರ್ವೋಚ್ಚ ನ್ಯಾಯಾಲಯ 2025ರ ಮೇ ತಿಂಗಳಲ್ಲಿ ಹೇಳಿತು. ಇರುವ ಅಧಿಕಾರಿಯ ಕೊರಳಿಗೆ ಇನ್ನೊಂದು ಬಿರುದು ಕಟ್ಟಿದರೆ 5ನೇ ನಮೂನೆ ತುಂಬುವವರು ಯಾರು? ಈ ಕೆಲಸಕ್ಕೇ ಮೀಸಲಾದ ಅಧಿಕಾರಿ ಬೇಕು, ಊರೂರು ಸುತ್ತಲು ಒಂದು ಜೀಪು ಬೇಕು.

ತಾಲ್ಲೂಕು ಸಮಿತಿಗಳು ಈ ತಿಂಗಳು ಒಂದು ಕೆಲಸ ಮಾಡಲಿ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ. ಕಳೆದ ವರ್ಷ ತಮ್ಮ ತಾಲ್ಲೂಕಿನಲ್ಲಿ ಎಷ್ಟು 5ನೇ ನಮೂನೆ ತುಂಬಲಾಯಿತೆಂದು ಕೇಳಿ, ಬಂದ ಉತ್ತರವನ್ನು ಪತ್ರಿಕೆಗೆ ಕಳುಹಿಸಲಿ. ಅಲ್ಲಿಯವರೆಗೆ ಪಂಚಾಯಿತಿಗೆ ಕರೆ ಬಂದರೆ, ಮೊದಲು ಅವಳನ್ನು ಗಂಡನ ಕಡೆಯವರಿಂದ ದೂರ, ಒಬ್ಬ ಹೆಂಗಸಿನ ಜೊತೆ ಕೂರಿಸಿ ಮಾತಾಡಿಸಿ. 181ಕ್ಕೆ ಫೋನು ಮಾಡಿ. ಸಂಜೆಯ ಬಸ್ಸು ಹೋದರೆ ಹೋಗಲಿ.