ಕಾಫಿ ಚೆನ್ನಾಗಿದ್ದರೆ ಸಾಲದು, ಊರಿಗೆ ಗೊತ್ತಾಗಬೇಕು

ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಭಾಗ ಬೆಳೆಯುವುದು ನಮ್ಮ ಕರ್ನಾಟಕದಲ್ಲಿ. ಅದರಲ್ಲೂ ಚಿಕ್ಕಮಗಳೂರು, ಕೊಡಗು, ಹಾಸನ ಜಿಲ್ಲೆಗಳಲ್ಲಿ. ಆದರೂ ಮೂಡಿಗೆರೆ, ಸಕಲೇಶಪುರ, ಸೋಮವಾರಪೇಟೆ ಕಡೆ ಸಣ್ಣ ಕಾಫಿ ಅಂಗಡಿ ನಡೆಸುವುದು ಸುಲಭವಲ್ಲ. ಊರಿಗೆ ವಾಪಸ್ ಬಂದ ಹುಡುಗರು, ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಸಾಲ ಮಾಡಿ ಅಂಗಡಿ ತೆರೆಯುತ್ತಾರೆ. ಕಾಫಿ ಚೆನ್ನಾಗಿಯೇ ಇರುತ್ತದೆ. ಆದರೂ ಎಷ್ಟೋ ಅಂಗಡಿಗಳು ಬೇಗ ಬಾಗಿಲು ಹಾಕುತ್ತವೆ. ಕೇಳಿದರೆ ಸಿಗುವ ಉತ್ತರ ಒಂದೇ: "ಕಾಫಿ ತೋಟದ ಊರಲ್ಲಿ ಯಾರು ದುಡ್ಡು ಕೊಟ್ಟು ಕಾಫಿ ಕುಡೀತಾರೆ?"

ಈ ಮಾತನ್ನು ನಾವು ಒಪ್ಪುವುದಿಲ್ಲ. ಕುಡಿಯುವವರು ಇದ್ದಾರೆ. ಅವರಿಗೆ ಅಂಗಡಿಯ ವಿಷಯ ಸರಿಯಾಗಿ ತಲುಪಿಲ್ಲ, ಅಷ್ಟೆ.

ಒಂದು ಲೆಕ್ಕ ಹಾಕೋಣ. ಕಪ್‌ಗೆ 15 ರೂಪಾಯಿ ಬೆಲೆ ಎಂದುಕೊಳ್ಳಿ. ಹಾಲು, ಪುಡಿ, ಸಕ್ಕರೆ, ಗ್ಯಾಸ್ ಎಲ್ಲ ಸೇರಿ 8 ರೂಪಾಯಿ ಹೋದರೆ ಉಳಿಯುವುದು 7. ಬಾಡಿಗೆ, ಕರೆಂಟ್, ಒಬ್ಬ ಸಹಾಯಕರ ಸಂಬಳ ಸೇರಿ ತಿಂಗಳಿಗೆ 14,000 ಎಂದರೆ ದಿನಕ್ಕೆ 67 ಕಪ್ ಮಾರಬೇಕು. ಅಷ್ಟು ಮಾರಿದರೂ ಮಾಲೀಕರ ಕೈಗೆ ಏನೂ ಉಳಿಯುವುದಿಲ್ಲ. ದಿನಕ್ಕೆ 100 ಕಪ್ ಹೋದರೆ ತಿಂಗಳಿಗೆ 7,000 ಉಳಿಯುತ್ತದೆ. ಅಂದರೆ ನಡುವಿನ ಆ 33 ಕಪ್‌ಗಳೇ ಅಂಗಡಿಯ ಉಳಿವು. ಮಾರ್ಕೆಟಿಂಗ್ ಎಂದರೆ ಆ 33 ಕಪ್‌ಗಳನ್ನು ಹುಡುಕಿಕೊಳ್ಳುವ ಕೆಲಸ.

ನಮ್ಮಲ್ಲಿ ಈ ಕೆಲಸದ ರೂಢಿ ಯಾಕಿಲ್ಲ ಎನ್ನುವುದಕ್ಕೂ ಕಾರಣವಿದೆ. ಹಲವು ದಶಕಗಳ ಕಾಲ ಬೆಳೆಗಾರರು ಫಸಲನ್ನು ಕಾಫಿ ಮಂಡಳಿಗೇ ಒಪ್ಪಿಸಬೇಕಿತ್ತು. ಮಾರುವ ತಲೆನೋವು ಮಂಡಳಿಯದು. 90ರ ದಶಕದಲ್ಲಿ ಆ ಕಟ್ಟುಪಾಡು ಹಂತಹಂತವಾಗಿ ಸಡಿಲವಾಗಿ, 1996ರ ಹೊತ್ತಿಗೆ ಬೆಳೆಗಾರರು ತಮಗೆ ಬೇಕಾದವರಿಗೆ ಮಾರುವಂತಾಯಿತು. ಅದೇ 1996ರಲ್ಲಿ ಚಿಕ್ಕಮಗಳೂರಿನ ವಿ.ಜಿ. ಸಿದ್ಧಾರ್ಥ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ತೆರೆದರು. ಕಾಫಿ ಜೊತೆ ಇಂಟರ್ನೆಟ್ ಕೊಟ್ಟರು, ಹುಡುಗ ಹುಡುಗಿಯರು ಕೂತು ಹರಟುವ ಜಾಗ ಕೊಟ್ಟರು, ಅದನ್ನೇ ಹೇಳಿ ಕರೆದರು. ಆ ಕಂಪನಿ ಮುಂದೆ ಸಾಲದ ಹೊರೆಗೆ ಸಿಕ್ಕಿದ್ದೂ ಎಲ್ಲರಿಗೂ ಗೊತ್ತು. ಹಾಗಾಗಿ ಅದನ್ನು ನಕಲು ಮಾಡಿ ಎಂದು ನಾವು ಹೇಳುತ್ತಿಲ್ಲ. ಜನ ಬರೀ ಪುಡಿಗೆ ದುಡ್ಡು ಕೊಡುವುದಿಲ್ಲ ಎಂಬುದಷ್ಟೇ ಅಲ್ಲಿಂದ ಕಲಿಯುವ ಪಾಠ.

ಹಾಗಾದರೆ ಸಣ್ಣ ಅಂಗಡಿಯವರು ಏನು ಮಾಡಬೇಕು?

ಮೊದಲನೆಯದು ಬೋರ್ಡ್. ಇಂಗ್ಲಿಷ್‌ನಲ್ಲಿ ಮಾತ್ರ ಹೆಸರು, ಗಾಜಿನ ಬಾಗಿಲು, ಹೊರಗೆ ಎಲ್ಲೂ ಬೆಲೆ ಇಲ್ಲ. ಇದನ್ನು ನೋಡಿದ ತೋಟದ ಕಾರ್ಮಿಕರು, ಬೆಳಗಿನ ಬಸ್ಸಿಗೆ ಕಾಯುವವರು "ಇದು ಟೂರಿಸ್ಟ್‌ಗಳಿಗೆ, ನಮಗಲ್ಲ" ಎಂದು ಮುಂದೆ ಹೋಗುತ್ತಾರೆ. "ಫಿಲ್ಟರ್ ಕಾಫಿ 15 ರೂ., ಬೆಲ್ಲದ ಕಾಫಿ 12 ರೂ." ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆದು ಹೊರಗಿಟ್ಟರೆ ಅದೇ ಕರೆಯೋಲೆ. ಮಳೆಗಾಲದ ನಾಲ್ಕು ತಿಂಗಳು ಪ್ರವಾಸಿಗರು ಕಡಿಮೆ. ಆಗ ಅಂಗಡಿಯನ್ನು ಉಳಿಸುವವರು ಊರಿನವರೇ. ಬೆಳಿಗ್ಗೆ ಸಂಜೆ ತಪ್ಪದೆ ಬರುವ 13 ಜನ ಸಿಕ್ಕರೂ 26 ಕಪ್ ಆಯಿತು.

ಎರಡನೆಯದು ಫೋನ್. ಗೂಗಲ್ ಮ್ಯಾಪ್‌ನಲ್ಲಿ ಅಂಗಡಿ ಸೇರಿಸಲು ದುಡ್ಡು ಕೊಡಬೇಕಿಲ್ಲ. ಹೆಸರು, ತೆರೆಯುವ ಸಮಯ, ನಾಲ್ಕು ಒಳ್ಳೆಯ ಫೋಟೋ ಸಾಕು. ಘಾಟಿ ಹತ್ತಿ ಬರುವವರು "ಹತ್ತಿರದ ಕಾಫಿ ಅಂಗಡಿ" ಎಂದು ಹುಡುಕಿದಾಗ ನಿಮ್ಮ ಹೆಸರೇ ಬರದಿದ್ದರೆ, ಅವರ ಪಾಲಿಗೆ ನಿಮ್ಮ ಅಂಗಡಿ ಇಲ್ಲವೇ ಇಲ್ಲ.

ಮೂರನೆಯದು ಪುಡಿ. ಕುಡಿದು ಮೆಚ್ಚಿದವರು ಮತ್ತೆ ಈ ದಾರಿಯಲ್ಲಿ ಬರುವುದು ಯಾವಾಗಲೋ. ಆದರೆ ಪೊಟ್ಟಣದ ಮೇಲೆ ವಾಟ್ಸಾಪ್ ನಂಬರ್ ಇದ್ದರೆ ಪುಡಿ ಮುಗಿದಾಗ ಬೆಂಗಳೂರಿನಿಂದಲೇ ಆರ್ಡರ್ ಮಾಡುತ್ತಾರೆ. ಊರಿನ ಅಂಚೆ ಕಚೇರಿಯಿಂದ ಕಳಿಸಬಹುದು. ಕಾಲು ಕೆಜಿ ಪೊಟ್ಟಣಕ್ಕೆ 50 ರೂಪಾಯಿ ಉಳಿದರೆ ಅದು 7 ಕಪ್‌ಗೆ ಸಮ. ದಿನಕ್ಕೆ ಅಂಥ ಒಂದು ಪೊಟ್ಟಣ ಹೋದರೆ ಮೇಲೆ ಹೇಳಿದ 26 ಕಪ್ ಸೇರಿ 33 ಆಯಿತಲ್ಲ!

ಇನ್ನು ಏನನ್ನು ಹೇಳಿಕೊಳ್ಳಬೇಕು? ನಿಜವನ್ನು. ಯಾವ ಊರಿನ ತೋಟ, ಅರೇಬಿಕಾವೋ ರೋಬಸ್ಟಾವೋ, ಹುರಿದದ್ದು ಯಾವತ್ತು, ಚಿಕೋರಿ ಎಷ್ಟು. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ಕನಿಷ್ಠ 51 ಭಾಗ ಇರಲೇಬೇಕು, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಹಾಕಲೇಬೇಕು. ಇದು ಕಾನೂನು. ಆ ಮಾಹಿತಿಯನ್ನು ಮೂಲೆಯಲ್ಲಿ ಮುಚ್ಚಿಡುವ ಬದಲು ಎದುರಿಗೇ ದಪ್ಪಕ್ಷರದಲ್ಲಿ ಬರೆಯಿರಿ. ಗಿರಾಕಿಗೆ ನಂಬಿಕೆ ಹುಟ್ಟುವುದು ಅಲ್ಲಿಯೇ. ಚಿಕ್ಕಮಗಳೂರು, ಕೊಡಗು, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ, ಅಂದರೆ ಜಿಐ ಟ್ಯಾಗ್, ಸಿಕ್ಕಿದೆ. ಬೇರೆ ಕಡೆಯ ಬೀಜಕ್ಕೆ ಆ ಹೆಸರು ಅಂಟಿಸಿದರೆ ಕೆಡುವುದು ಒಂದು ಅಂಗಡಿಯ ಹೆಸರಲ್ಲ, ಅಲ್ಲಿನ ಬೆಳೆಗಾರರೆಲ್ಲರ ಹೆಸರು.

ರೀಲ್ಸ್ ಮಾಡುವವರಿಗೆ ಸಾವಿರಾರು ರೂಪಾಯಿ ಕೊಡುವವರನ್ನೂ ನೋಡುತ್ತಿದ್ದೇವೆ. ಒಂದು ಭಾನುವಾರ ಜನ ಮುಗಿಬೀಳುತ್ತಾರೆ, ಹಾಲು ಸಾಲುವುದಿಲ್ಲ, ಕಾಯಿಸಿ ಕಾಯಿಸಿ ಕೊಟ್ಟ ಕಾಫಿ ಕುಡಿದು ಕೆಟ್ಟ ರಿವ್ಯೂ ಬರೆದು ಹೋಗುತ್ತಾರೆ. ಆ ದುಡ್ಡಲ್ಲಿ ವಾರದ ಸಂತೆ ದಿನ ಊರಿನವರಿಗೆ ಒಂದೊಂದು ಕಪ್ ಬಿಟ್ಟಿ ಕೊಟ್ಟಿದ್ದರೆ ಮರುದಿನ ನಾಲ್ಕು ಜನ ದುಡ್ಡು ಕೊಟ್ಟು ಕುಡಿಯಲು ಬರುತ್ತಿದ್ದರು ಎನ್ನುವುದು ನಮ್ಮ ಅಭಿಪ್ರಾಯ.

"ಒಳ್ಳೆಯ ಮಾಲಿಗೆ ಪ್ರಚಾರ ಬೇಡ" ಎಂದು ಹಿರಿಯರು ಹೇಳುತ್ತಾರೆ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂದವರೂ ಹಿರಿಯರೇ. ನಮ್ಮ ಬೀಜ ಮೂಟೆಯಲ್ಲಿ ಹೋಗಿ ಬೇರೆಯವರ ಪೊಟ್ಟಣದಲ್ಲಿ ವಾಪಸ್ ಬರುತ್ತಿದೆ. ನಡುವಿನ ಲಾಭ ಊರಲ್ಲಿ ಉಳಿಯಬೇಕಾದರೆ ಊರಿನ ಅಂಗಡಿ ಉಳಿಯಬೇಕು. ಅದರಲ್ಲಿ ನಮ್ಮ ನಿಮ್ಮ ಪಾಲೂ ಇದೆ. ನಿಮ್ಮ ಊರಲ್ಲಿ ಅಂಥದ್ದೊಂದು ಅಂಗಡಿ ಇದ್ದರೆ ಈ ವಾರ ಒಮ್ಮೆ ಹೋಗಿ. ಕಾಫಿ ಹಿಡಿಸಿದರೆ ಮ್ಯಾಪ್‌ನಲ್ಲಿ ಎರಡು ಸಾಲು ಬರೆಯಿರಿ. ಹಿಡಿಸದಿದ್ದರೆ ಅಂಗಡಿಯವರ ಮುಖಕ್ಕೇ ಹೇಳಿ. ಮನೆಯ ನಾಮಕರಣಕ್ಕೋ ಸಂಘದ ಸಭೆಗೋ ಕಾಫಿ ಬೇಕಾದಾಗ ಅವರನ್ನೇ ಮೊದಲು ಕೇಳಿ.